ಮೆಸ್ಕ್ಲಂ: ನೀಸ್ ಊರಿನ ಎಳೆ ಸೊಪ್ಪಿನ ಸಲಾಡ್ ಮನೆಯಲ್ಲೇ ಬೆಳೆದು ಕಲಸುವ ಬಗೆ

ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುವ ಬಣ್ಣಬಣ್ಣದ ಸಲಾಡ್ ಎಲೆಗಳನ್ನು ನೀವು ನೋಡಿರುತ್ತೀರಿ. ಬೆಂಗಳೂರಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳ ಫ್ರಿಜ್‌ನಲ್ಲಿ ಸಿಗುತ್ತದೆ. ಅಮೆರಿಕದಲ್ಲಿರುವ ನಮ್ಮವರಿಗಂತೂ 'ಸ್ಪ್ರಿಂಗ್ ಮಿಕ್ಸ್' ಅನ್ನೋದು ವಾರದ ಸಾಮಾನಿನ ಪಟ್ಟಿಯಲ್ಲೇ ಇರುತ್ತದೆ. ತುಂಬಾ ಜನ ಅದನ್ನು ಡಯಟ್ ಅಂತ ತಿನ್ನುತ್ತಾರೆ, ರುಚಿ ಅಂತ ತಿನ್ನುವವರು ಕಡಿಮೆ. ಅದಕ್ಕೆ ಕಾರಣವೂ ಇದೆ. ಡಬ್ಬಿಯ ಎಲೆಗಳಲ್ಲಿ ಮೂಲದ ರುಚಿ ಅರ್ಧಕ್ಕಿಂತ ಜಾಸ್ತಿ ಹೋಗಿರುತ್ತದೆ.

ಇದರ ಮೂಲ ಫ್ರಾನ್ಸಿನ ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯ, ಅದರಲ್ಲೂ ಮೆಡಿಟರೇನಿಯನ್ ಕಡಲ ದಂಡೆಯ ನೀಸ್ ಪಟ್ಟಣ. ಅಲ್ಲಿ ಇದರ ಹೆಸರು ಮೆಸ್ಕ್ಲಂ. ಸುಮ್ನೆ ಕೈಗೆ ಸಿಕ್ಕ ಎಲೆಗಳನ್ನೆಲ್ಲ ಸೇರಿಸಿದರೆ ಮೆಸ್ಕ್ಲಂ ಆಗುವುದಿಲ್ಲ. ಸಪ್ಪೆ, ಕಹಿ, ಖಾರ, ಪರಿಮಳ, ಈ ನಾಲ್ಕೂ ಒಂದೇ ತುತ್ತಿನಲ್ಲಿ ಸಿಗಬೇಕು, ಎಲೆಗಳು ಎಳೆಯವಾಗಿರಬೇಕು, ಕುಯ್ದ ದಿನವೇ ತಟ್ಟೆಗೆ ಬರಬೇಕು. ಇಷ್ಟನ್ನು ಹಿಡಿದುಕೊಂಡರೆ ಮನೆಯ ಬಾಲ್ಕನಿಯಲ್ಲೇ ಡಬ್ಬಿಯದಕ್ಕಿಂತ ನೂರು ಪಾಲು ಒಳ್ಳೆಯ ಸಲಾಡ್ ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಇದು ಎಲ್ಲಿಂದ ಬಂತು ಅನ್ನೋದು

ನೀಸ್ ಊರು ಫ್ರಾನ್ಸಿನ ಪಾಲಿಗೆ ಖಾಯಮ್ಮಾಗಿ ಬಂದದ್ದು 1860ರಲ್ಲಿ, ಅದಕ್ಕೆ ಮೊದಲು ಇಟಲಿ ಕಡೆಯ ಸಾರ್ಡೀನಿಯಾ ರಾಜ್ಯಕ್ಕೆ ಸೇರಿತ್ತು. ಹಾಗಾಗಿ ಅಲ್ಲಿನ ಅಡುಗೆಯಲ್ಲಿ ಇಟಲಿಯ ಕೈ ಎದ್ದು ಕಾಣುತ್ತದೆ. ಬೆಣ್ಣೆಯ ಬದಲು ಆಲಿವ್ ಎಣ್ಣೆ, ಮಾಂಸಕ್ಕಿಂತ ಜಾಸ್ತಿ ತರಕಾರಿ, ಬೆಟ್ಟದ ಮೇಲಿನ ಕಾಡು ಸೊಪ್ಪು. ಇಟಲಿಯ ರೋಮ್ ಸುತ್ತಮುತ್ತ ಇದೇ ಥರದ ಬೆರಕೆ ಎಲೆಗಳ ಸಲಾಡ್ ಇದೆ, ಅದನ್ನು ಮಿಸ್ತಿಕಾಂತ್ಸಾ ಅನ್ನುತ್ತಾರೆ. ಹಳೇ ಮೈಸೂರು ಕಡೆ ಮಳೆ ಬಿದ್ದ ಮೇಲೆ ಹೊಲದ ಬದುವಿನಿಂದ ಕುಯ್ದು ತರುವ ಬೆರಕೆ ಸೊಪ್ಪು ಗೊತ್ತಿರುವವರಿಗೆ ಈ ಯೋಚನೆ ಹೊಸದೇನಲ್ಲ. ನಮ್ಮಲ್ಲಿ ಅದು ಬೆಂದು ಮಸ್ಸೊಪ್ಪೋ ಬಸ್ಸಾರೋ ಆಗುತ್ತದೆ, ಅಲ್ಲಿ ಹಸಿಯಾಗಿಯೇ ಎಣ್ಣೆ ವಿನೆಗರ್ ಜೊತೆ ಊಟಕ್ಕೆ ಬರುತ್ತದೆ.

ನೀಸ್‌ನ ಸಿಮಿಯೇ ಗುಡ್ಡದ ಮೇಲೆ ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠ ಇದೆ. ಮೆಸ್ಕ್ಲಂ ಶುರುವಾದದ್ದು ಆ ಮಠದ ಕೈತೋಟದಲ್ಲೇ ಅಂತ ಊರಿನವರು ಹೇಳುತ್ತಾರೆ. ಬಡ ಸನ್ಯಾಸಿಗಳು, ಒಂದೊಂದು ಮಡಿಯಿಂದ ಚೂರುಚೂರು ಎಳೆ ಎಲೆ ಚಿವುಟಿ ಎಲ್ಲ ಸೇರಿಸಿ ಹಂಚುತ್ತಿದ್ದರಂತೆ. ಇದು ಕಥೆ, ಕಥೆ ಅಂತಲೇ ಇಟ್ಟುಕೊಳ್ಳಿ. ಆದರೆ ತೋಟ ಮಾಡಿದವರಿಗೆ ಇದರಲ್ಲಿ ಒಂದು ನಿಜ ಕಾಣುತ್ತದೆ. ಸೊಪ್ಪಿನ ಬೀಜವನ್ನು ಯಾವಾಗಲೂ ಒತ್ತಾಗಿಯೇ ಚೆಲ್ಲುತ್ತೇವೆ, ಆಮೇಲೆ ಜಾಗ ಬಿಡಿಸಲು ಕೆಲವು ಸಸಿ ಕೀಳಲೇಬೇಕು. ಕಿತ್ತ ಆ ಪುಟ್ಟ ಸಸಿಗಳನ್ನು ಎಸೆಯಲು ಯಾರಿಗೆ ಮನಸ್ಸು ಬರುತ್ತದೆ?

ಪ್ರೊವಾನ್ಸ್‌ನಲ್ಲಿ ಹಳೆಯ ಲೆಕ್ಕ ಹೀಗೆ: ಸಪ್ಪೆಯ ಲೆಟ್ಯೂಸ್, ಖಾರದ ರಾಕೆಟ್, ಕಹಿಯ ಎಂಡೈವ್, ಪರಿಮಳದ ಚರ್ವಿಲ್, ನಾಲ್ಕೂ ಸಮಪಾಲು. ನೀಸ್‌ನವರು ಇನ್ನೂ ಧಾರಾಳಿಗಳು, ಡ್ಯಾಂಡೆಲಿಯನ್ ಅನ್ನುವ ಕಾಡು ಗಿಡದ ಎಳೆ ಎಲೆ, ಗೋಣಿ ಸೊಪ್ಪು, ಬೇರೆ ಬೇರೆ ಚಿಕೋರಿ ಎಲ್ಲ ಸೇರಿಸುತ್ತಾರೆ. ಹೌದು, ನಮ್ಮ ಹಿತ್ತಿಲಲ್ಲಿ ತಾನಾಗಿ ಹಬ್ಬುವ ಗೋಣಿ ಸೊಪ್ಪೇ. ಅಲ್ಲಿ ಅದು ಮಾರುಕಟ್ಟೆಯಲ್ಲಿ ಮಾರುವ ಸಲಾಡ್ ಎಲೆ.

ಅಟ್ಲಾಂಟಿಕ್ ದಾಟಿದ್ದು ಆಮೇಲಿನ ಮಾತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1971ರಲ್ಲಿ 'ಶೇ ಪಾನೀಸ್' ಹೋಟೆಲ್ ತೆರೆದ ಆಲಿಸ್ ವಾಟರ್ಸ್ ಅವರಿಗೆ ಫ್ರಾನ್ಸಿನಲ್ಲಿ ತಿಂದ ಈ ಸಲಾಡ್ ಅಮೆರಿಕದಲ್ಲಿ ಎಲ್ಲೂ ಸಿಗಲಿಲ್ಲ. ಬೀಜ ತಂದು ಮನೆಯ ಹಿತ್ತಿಲಲ್ಲೇ ಬೆಳೆಸಿದರು. ಆ ಎಲೆಗಳ ಮೇಲೆ ಬಿಸಿ ಮಾಡಿದ ಮೇಕೆ ಹಾಲಿನ ಚೀಸ್ ಇಟ್ಟು ಕೊಡುತ್ತಿದ್ದ ಅವರ ಸಲಾಡ್ ಹೆಸರುವಾಸಿಯಾಯಿತು. 1984ರಲ್ಲಿ ಕ್ಯಾಲಿಫೋರ್ನಿಯಾದ್ದೇ ಆದ ಕಾರ್ಮೆಲ್ ಕಣಿವೆಯಲ್ಲಿ ಎರಡೂವರೆ ಎಕರೆಯ ಪುಟ್ಟ ತೋಟ ಶುರುಮಾಡಿದ ಡ್ರೂ ಮತ್ತು ಮೈರಾ ಗುಡ್‌ಮನ್ ದಂಪತಿ, 1986ರಿಂದ ಎಲೆಗಳನ್ನು ತೊಳೆದು ಪೊಟ್ಟಣ ಕಟ್ಟಿ ಅಂಗಡಿಗೆ ಕೊಡತೊಡಗಿದರು. ಅವರ 'ಅರ್ತ್‌ಬೌಂಡ್ ಫಾರ್ಮ್' ಮುಂದೆ ಬಹಳ ದೊಡ್ಡದಾಯಿತು, ಇವತ್ತಿನ ಡಬ್ಬಿ ಸಲಾಡಿನ ದಾರಿ ಶುರುವಾದದ್ದೇ ಅಲ್ಲಿಂದ. ಎಲ್ಲರಿಗೂ ಸಿಗುವಂತಾಯಿತು, ಅದು ಒಳ್ಳೆಯದೇ. ಆದರೆ ದೂರ ಸಾಗಿಸಬೇಕಲ್ಲ, ಹಾಗಾಗಿ ಬೇಗ ಬಾಡುವ ಚರ್ವಿಲ್ ಪೊಟ್ಟಣದಿಂದ ಮಾಯವಾಯಿತು, ಕಹಿ ಬೇಡ ಅನ್ನುವ ಗಿರಾಕಿಗಳಿಗಾಗಿ ಚಿಕೋರಿ ಕಡಿಮೆಯಾಯಿತು, ಆ ಜಾಗಕ್ಕೆ ಎಳೆ ಪಾಲಕ್ ಬಂತು. ಉಳಿದದ್ದು ನೋಡಲು ಚೆಂದ, ಬಾಯಿಗೆ ಸಪ್ಪೆ.

ಎಲೆಗಳನ್ನು ರುಚಿಯ ಲೆಕ್ಕದಲ್ಲಿ ಆರಿಸಿ

ಹೆಸರುಗಳ ಉದ್ದ ಪಟ್ಟಿ ನೋಡಿ ಗಾಬರಿಯಾಗಬೇಡಿ. ನಾಲ್ಕು ಗುಂಪು ನೆನಪಿಟ್ಟುಕೊಂಡರೆ ಸಾಕು.

ಸಪ್ಪೆ, ಸಿಹಿ ಗುಂಪಿಗೆ ಲೆಟ್ಯೂಸ್. ಓಕ್ ಲೀಫ್, ಲೊಲ್ಲೊ ರೊಸ್ಸೊ, ರೊಮೇನ್ ಯಾವುದಾದರೂ ಆಗುತ್ತದೆ, ಒಂದು ಹಸಿರು ಒಂದು ಕೆಂಪು ಇದ್ದರೆ ಚೆನ್ನ. ಗಟ್ಟಿ ಉಂಡೆ ಕಟ್ಟುವ ಐಸ್‌ಬರ್ಗ್ ಇದಕ್ಕೆ ಬೇಡ. ಬಟ್ಟಲಿನ ಅರ್ಧ ಭಾಗ ಇದೇ ಇರಲಿ.

ಕಹಿಗೆ ಚಿಕೋರಿ ಬಳಗ. ಫ್ರಿಜೆ ಅನ್ನುವ ಗುಂಗುರು ಎಲೆಯ ಎಂಡೈವ್, ಅಗಲ ಎಲೆಯ ಎಸ್ಕರೋಲ್, ನೇರಳೆ ಕೆಂಪಿನ ರಾಡಿಕ್ಕಿಯೊ ಎಲ್ಲ ಇದರಲ್ಲೇ ಬರುತ್ತವೆ. ಚಿಕೋರಿ ಅಂದರೆ ನಮಗೆ ಫಿಲ್ಟರ್ ಕಾಫಿ ಪುಡಿಗೆ ಬೆರೆಸುವ ಪುಡಿ ತಾನೇ ನೆನಪಿಗೆ ಬರುವುದು? ಅದು ಚಿಕೋರಿ ಗಿಡದ ಬೇರನ್ನು ಹುರಿದು ಪುಡಿ ಮಾಡಿದ್ದು. ಇಟಲಿಯವರ ರಾಡಿಕ್ಕಿಯೊ ಅದೇ ಜಾತಿಯ ಗಿಡ, ಎಲೆಗಾಗಿ ಬೆಳೆಸಿದ್ದು ಅಷ್ಟೇ. ಈ ಗುಂಪು ಬೇಡ ಅಂತ ಬಿಡಬೇಡಿ, ದಯವಿಟ್ಟು. ಕಹಿ ಇಲ್ಲದಿದ್ದರೆ ಮೆಸ್ಕ್ಲಂ ಇಲ್ಲ. ಐದರಲ್ಲಿ ಒಂದು ಪಾಲು ಇದ್ದರೆ ಕಹಿ ಅಂತ ಬೇರೆಯಾಗಿ ಗೊತ್ತಾಗುವುದಿಲ್ಲ, ಲೆಟ್ಯೂಸಿನ ಸಿಹಿ ಮಾತ್ರ ಎದ್ದು ಬರುತ್ತದೆ.

ಖಾರಕ್ಕೆ ರಾಕೆಟ್, ಅಂದರೆ ಅರುಗುಲಾ. ಸಾಸಿವೆಯ ಬಳಗದ್ದು. ರಾಜಸ್ಥಾನ, ಹರಿಯಾಣದ ಕಡೆ ತಾರಾಮೀರಾ ಅಂತ ಎಣ್ಣೆ ಬೀಜಕ್ಕಾಗಿ ಬೆಳೆಯುವುದು ಇದೇ ಗಿಡವನ್ನು. ಎಲೆಯನ್ನು ಸುಮ್ಮನೆ ಮೂಸಿದರೆ ಅಂಥ ವಾಸನೆ ಬರುವುದಿಲ್ಲ. ಹಲ್ಲಿನಲ್ಲಿ ಕಚ್ಚಿದಾಗ ಎಲೆಯ ಕೋಶಗಳು ಒಡೆದು, ಬೇರೆ ಬೇರೆ ಇದ್ದ ಎರಡು ವಸ್ತುಗಳು ಸೇರಿ ಆ ಕ್ಷಣದಲ್ಲೇ ಖಾರ ಹುಟ್ಟುತ್ತದೆ. ಸಾಸಿವೆ ಅರೆದಾಗ ಮೂಗಿಗೆ ಏರುವುದೂ ಇದೇ. ಹಾಗಾಗಿ ರಾಕೆಟ್ ಎಲೆಯನ್ನು ಚಾಕುವಿನಲ್ಲಿ ಹೆಚ್ಚಿ ಇಡಬಾರದು, ಇಡಿಯಾಗಿ ಹಾಕಬೇಕು. ಹಳೆಯ ರೋಮನ್ನರು ರಾಕೆಟ್ ಉಷ್ಣ, ಲೆಟ್ಯೂಸ್ ತಂಪು ಅಂತ ನಂಬಿ ಎರಡನ್ನೂ ಸೇರಿಸಿ ತಿನ್ನುತ್ತಿದ್ದರು. ಉಷ್ಣ ತಂಪಿನ ಲೆಕ್ಕ ನಮಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ.

ಪರಿಮಳಕ್ಕೆ ಚರ್ವಿಲ್. ನೋಡಲು ಕೊತ್ತಂಬರಿಯ ಎಳೆ ತಂಗಿ, ಇನ್ನೂ ನಾಜೂಕು. ವಾಸನೆ ಸೋಂಪಿನದು, ಆದರೆ ಬಹಳ ಮೆಲುವಾಗಿ. ಇದು ಅಂಗಡಿಯಲ್ಲಿ ಸಿಗುವುದಿಲ್ಲ ಅಂತಲೇ ಹೇಳಬೇಕು, ಬೆಳೆದುಕೊಳ್ಳಬೇಕು. ಬೀಜ ಆನ್‌ಲೈನಿನಲ್ಲಿ ಸಿಗುತ್ತದೆ.

ಇಷ್ಟೆಲ್ಲ ಬೀಜ ಸಿಗದಿದ್ದರೆ? ಇಲ್ಲಿನ ಸೊಪ್ಪಿನಲ್ಲೇ ಇದೇ ರುಚಿಯ ಹದ ತರಬಹುದು. ಖಾರಕ್ಕೆ ಸಾಸಿವೆಯ ಎಳೆ ಸೊಪ್ಪು, ಒಗ್ಗರಣೆ ಡಬ್ಬಿಯ ಸಾಸಿವೆಯೇ ಮೊಳೆಯುತ್ತದೆ. ಮೂಲಂಗಿಯ ಎಳೆ ಎಲೆಯೂ ಆದೀತು. ಕಹಿಗೆ ಎಳೆ ಮೆಂತ್ಯ. ಉತ್ತರ ಕರ್ನಾಟಕದವರಾದರೆ ನಿಮ್ಮಲ್ಲಿ ಇನ್ನೂ ಒಳ್ಳೆಯದಿದೆ: ಜೋಳದ ರೊಟ್ಟಿ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಕಿ. ಅದು ಡ್ಯಾಂಡೆಲಿಯನ್, ಲೆಟ್ಯೂಸ್, ಚಿಕೋರಿಗಳ ಕುಟುಂಬಕ್ಕೇ ಸೇರಿದ್ದು, ನೀಸ್‌ನ ತಟ್ಟೆಯಲ್ಲಿ ಇಟ್ಟರೂ ಒಪ್ಪುತ್ತದೆ. ಪರಿಮಳಕ್ಕೆ ಸಬ್ಬಸಿಗೆಯ ತುದಿಗಳನ್ನು ಚಿವುಟಿ ಹಾಕಿ, ಆದರೆ ಚರ್ವಿಲ್‌ಗಿಂತ ಗಾಢ, ಸ್ವಲ್ಪವೇ ಸಾಕು. ಇನ್ನು ಗೋಣಿ ಸೊಪ್ಪು ಹುಳಿಗೆ. ಈ ಗಿಡ ರಾತ್ರಿ ಹೊತ್ತು ಎಲೆಯಲ್ಲಿ ಹುಳಿ ಕೂಡಿಟ್ಟು ಹಗಲಲ್ಲಿ ಖರ್ಚು ಮಾಡುತ್ತದೆ, ಹಾಗಾಗಿ ಬೆಳಿಗ್ಗೆ ಕುಯ್ದರೆ ಹುಳಿ ಜಾಸ್ತಿ, ಸಂಜೆ ಕುಯ್ದರೆ ಕಡಿಮೆ. ಒಂದೇ ಗಿಡದಿಂದ ಎರಡು ಹೊತ್ತೂ ಚಿವುಟಿ ಬಾಯಿಗೆ ಹಾಕಿ ನೋಡಿ, ವ್ಯತ್ಯಾಸ ನಾಲಿಗೆಗೇ ತಿಳಿಯುತ್ತದೆ.

ಹೊಲದಲ್ಲಿ ತಾನಾಗಿ ಬೆಳೆದ ಸೊಪ್ಪು ಕುಯ್ಯುವುದಾದರೆ, ಗೊತ್ತಿರುವವರು ಜೊತೆಗಿದ್ದರೆ ಮಾತ್ರ. ಗುರುತು ಸಿಗದ ಎಲೆಯನ್ನು ಹಸಿಯಾಗಿ ಬಾಯಿಗೆ ಹಾಕಬೇಡಿ. ರಸ್ತೆ ಬದಿಯದ್ದು, ಔಷಧಿ ಹೊಡೆದ ಹೊಲದ್ದು ಬೇಡವೇ ಬೇಡ.

ಬಿತ್ತುವುದು

ಅಂಗಡಿಯಲ್ಲಿ ಎಲ್ಲ ಬೀಜವೂ ಕಲೆಸಿದ 'ಮೆಸ್ಕ್ಲಂ ಮಿಕ್ಸ್' ಪೊಟ್ಟಣ ಸಿಗುತ್ತದೆ. ನನ್ನ ಮಾತು ಕೇಳುವುದಾದರೆ ಅದನ್ನು ತರಬೇಡಿ. ಒಂದೊಂದು ಗಿಡದ ವೇಗ ಒಂದೊಂದು. ರಾಕೆಟ್ ಮೂರ್ನಾಲ್ಕು ದಿನಕ್ಕೆ ಮೊಳೆತು ಮೂರು ವಾರಕ್ಕೆ ಕುಯ್ಲಿಗೆ ಬರುತ್ತದೆ, ಅಷ್ಟರಲ್ಲಿ ಪಕ್ಕದ ಚರ್ವಿಲ್ ಆಗಷ್ಟೇ ಕಣ್ಣು ಬಿಟ್ಟಿರುತ್ತದೆ. ಒಟ್ಟಿಗೆ ಬಿತ್ತಿದರೆ ರಾಕೆಟ್ ಎಲ್ಲವನ್ನೂ ನುಂಗಿಬಿಡುತ್ತದೆ, ಕೊನೆಗೆ ಸಿಗುವುದು ಬರೀ ಖಾರ. ಬೇರೆ ಬೇರೆ ಬಿತ್ತಿ, ಬಟ್ಟಲಿನಲ್ಲಿ ಬೆರೆಸಿ.

ಹಾಗಾಗಿ ಹಿಂದಿನಿಂದ ಲೆಕ್ಕ ಹಾಕಬೇಕು. ಸಂಕ್ರಾಂತಿ ಹೊತ್ತಿಗೆ ಸಲಾಡ್ ಕುಯ್ಯಬೇಕು ಅಂದುಕೊಳ್ಳಿ. ಚರ್ವಿಲ್ ನವೆಂಬರ್ 20ರ ಸುಮಾರಿಗೇ ಮಣ್ಣಿಗೆ ಬೀಳಬೇಕು, ಮೊಳೆಯಲೇ ಎರಡು ಮೂರು ವಾರ ತೆಗೆದುಕೊಳ್ಳುತ್ತದೆ. ಚಿಕೋರಿ, ಎಂಡೈವ್ ಡಿಸೆಂಬರ್ ಎರಡನೇ ವಾರದ ಶುರುವಿಗೆ. ಲೆಟ್ಯೂಸ್ ಡಿಸೆಂಬರ್ 15ಕ್ಕೆ. ರಾಕೆಟ್, ಸಾಸಿವೆ ಡಿಸೆಂಬರ್ 23ರ ಆಸುಪಾಸು. ಆಮೇಲೆ ಹತ್ತು ಹದಿನೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಬಿತ್ತುತ್ತಾ ಹೋದರೆ ಮನೆಗೆ ಸಲಾಡ್ ತಪ್ಪುವುದಿಲ್ಲ.

ಕಾಲದ ವಿಷಯ ಮುಖ್ಯ. ಇವು ಮೆಡಿಟರೇನಿಯನ್ ಕಡೆಯ ಎಲೆಗಳು, ತಂಪು ಬೇಕು. ಬೆಂಗಳೂರು, ಮೈಸೂರು, ಹಾಸನ, ಚಿಕ್ಕಮಗಳೂರು, ಮಡಿಕೇರಿ ಕಡೆ ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ಮೇಲೆ ಶೇಡ್ ನೆಟ್ ಕೆಳಗೆ ಪ್ರಯತ್ನಿಸಬಹುದು. ಕಲಬುರಗಿ, ರಾಯಚೂರಿನಲ್ಲಿ ಡಿಸೆಂಬರ್, ಜನವರಿ. ಮಂಗಳೂರು, ಉಡುಪಿಯ ಸೆಕೆಯಲ್ಲಿ ಲೆಟ್ಯೂಸ್ ಕಷ್ಟವೇ, ಅಲ್ಲಿ ಸಾಸಿವೆ, ಗೋಣಿ ಸೊಪ್ಪು ಕೈ ಹಿಡಿಯುತ್ತವೆ. ದುಬೈ, ಮಸ್ಕತ್‌ನಲ್ಲಿರುವವರು ಚಳಿಗಾಲದಲ್ಲಿ ಬಿತ್ತಿ. ಲಂಡನ್, ಸಿಯಾಟಲ್ ಕಡೆಯವರಿಗೆ ವಸಂತ ಮತ್ತು ಸೆಪ್ಟೆಂಬರ್.

ಟ್ರೇ ಅಥವಾ ಕುಂಡ 15 ಸೆಂಟಿಮೀಟರ್ ಆಳ ಇದ್ದರೆ ಸಾಕು, ಅಗಲ ಜಾಸ್ತಿ ಇರಲಿ, ಅಡಿಯಲ್ಲಿ ನೀರು ಬಸಿಯಲು ತೂತು ಇರಲಿ. ಕೆಂಪು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಎರೆಗೊಬ್ಬರ ಮೂರೂ ಸಮವಾಗಿ ಬೆರೆಸಿ. ಹಸಿ ಸಗಣಿ, ಪೂರ್ತಿ ಕೊಳೆಯದ ಕೊಟ್ಟಿಗೆ ಗೊಬ್ಬರ ಖಂಡಿತ ಹಾಕಬೇಡಿ. ಬೇಯಿಸದೆ ತಿನ್ನುವ ಸೊಪ್ಪು ಇದು, ನೆಲದಿಂದ ಎರಡು ಬೆರಳು ಎತ್ತರದಲ್ಲಿ ಕುಯ್ಯುತ್ತೇವೆ. ಬೀಜ ಕೊಳ್ಳುವಾಗ ಗುಲಾಬಿ, ನೀಲಿ ಬಣ್ಣ ಬಳಿದಂತಿದ್ದರೆ ಅದು ಔಷಧಿ ಲೇಪಿಸಿದ ಬೀಜ, ಅದನ್ನೂ ಬಿಡಿ.

ಲೆಟ್ಯೂಸ್ ಬೀಜ ಬಹಳ ಹಗುರ, ಒಂದು ಗ್ರಾಂಗೆ ಸುಮಾರು 800ರಿಂದ 1000 ಬರುತ್ತವೆ. ಒಂದಡಿ ಅಗಲ ಎರಡಡಿ ಉದ್ದದ ಟ್ರೇಗೆ ಅರ್ಧ ಗ್ರಾಂ ಧಾರಾಳ. ಒಣ ಮರಳಿನ ಜೊತೆ ಬೆರೆಸಿ ಉಪ್ಪು ಉದುರಿಸುವ ಹಾಗೆ ಉದುರಿಸಿದರೆ ಒಂದೇ ಕಡೆ ಗುಪ್ಪೆಯಾಗುವುದಿಲ್ಲ. ಮೇಲೆ ಮಣ್ಣು ಮುಚ್ಚಲೇಬೇಡಿ ಅನ್ನುವಷ್ಟು ತೆಳುವಾಗಿ ಮುಚ್ಚಿ. ಈ ಬೀಜ ಮೊಳೆಯಲು ಬೆಳಕು ಬೇಕು, ಆಳಕ್ಕೆ ಹೋದರೆ ಮಲಗಿಬಿಡುತ್ತದೆ. ಇನ್ನೊಂದು ವಿಷಯ, ಮಣ್ಣಿನ ಬಿಸಿ 27-28 ಡಿಗ್ರಿ ದಾಟಿದರೆ ಲೆಟ್ಯೂಸ್ ಬೀಜ ಮೊಳೆಯಲು ಹಿಂಜರಿಯುತ್ತದೆ. 'ಬೀಜ ಸರಿಯಿಲ್ಲ, ಮೋಸ' ಅಂತ ಬೈಯುವ ಎಷ್ಟೋ ಜನರ ಸಮಸ್ಯೆ ಬೀಜದ್ದಲ್ಲ, ಬಿಸಿಲಿನದ್ದು. ಟ್ರೇಯನ್ನು ಮೊಳಕೆ ಕಾಣುವವರೆಗೆ ಮನೆಯೊಳಗೆ ತಂಪು ಜಾಗದಲ್ಲಿಡಿ. ಮಣ್ಣು ಒಣಗಬಾರದು, ಸ್ಪ್ರೇ ಬಾಟಲಿಯಲ್ಲಿ ಹನಿಸಿ.

ಮೊಳಕೆ ಬಂದ ದಿನವೇ ಬೆಳಕಿಗೆ ತನ್ನಿ, ದಿನಕ್ಕೆ ನಾಲ್ಕೈದು ಗಂಟೆಯ ಬೆಳಗಿನ ಬಿಸಿಲು ಸಾಕು. ತಡ ಮಾಡಿದರೆ ದಂಟು ನೂಲಿನ ಹಾಗೆ ಉದ್ದವಾಗಿ ಬಗ್ಗಿಬಿಡುತ್ತದೆ. ಚರ್ವಿಲ್ ಬೇರನ್ನು ಅಲುಗಿಸಬಾರದು, ಎಲ್ಲಿ ಬಿತ್ತಿದಿರೋ ಅಲ್ಲೇ ಬೆಳೆಯಲಿ, ನೆರಳೂ ಸ್ವಲ್ಪ ಜಾಸ್ತಿ ಬೇಕು. ರಾಕೆಟ್ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತುಗಳು ಕಂಡರೆ ಅದು ಹಾರುವ ಪುಟ್ಟ ಜೀರುಂಡೆಯ ಕೆಲಸ. ಔಷಧಿ ಬೇಡ, ಬಿತ್ತಿದ ದಿನದಿಂದಲೇ ತೆಳು ಸೊಳ್ಳೆ ಪರದೆ ಹೊದಿಸಿ. ತೂತಿದ್ದ ಎಲೆ ತಿನ್ನಲು ಏನೂ ತೊಂದರೆಯಿಲ್ಲ.

ಕುಯ್ಯುವುದು, ತೊಳೆಯುವುದು, ಒಣಗಿಸುವುದು

ಎಲೆ ನಿಮ್ಮ ತೋರುಬೆರಳಿನ ಉದ್ದ, ಅಂದರೆ 7ರಿಂದ 10 ಸೆಂಟಿಮೀಟರ್ ಆದಾಗ ಕುಯ್ಯಿರಿ. ಇನ್ನೂ ದೊಡ್ಡದಾಗಲಿ ಅಂತ ಕಾಯಬೇಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಎಲೆಯಲ್ಲಿ ನೀರು ತುಂಬಿ ಗರಿಗರಿಯಾಗಿರುತ್ತದೆ, ಆಗಲೇ ಒಳ್ಳೆಯದು. ಚೂಪಾದ ಕತ್ತರಿ ಹಿಡಿದು ಮಣ್ಣಿನಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ಕತ್ತರಿಸಿ. ನಡುವಿನ ಚಿಗುರು ಉಳಿದರೆ ಎರಡು ವಾರದಲ್ಲಿ ಮತ್ತೆ ಎಲೆ ಬರುತ್ತದೆ. ಎರಡು ಸಲ ಚೆನ್ನಾಗಿ ಸಿಗುತ್ತದೆ, ಮೂರನೇ ಸಲಕ್ಕೆ ಎಲೆ ಬಿರುಸಾಗಿ ಕಹಿ ಏರಿರುತ್ತದೆ.

ಕುಯ್ದದ್ದನ್ನು ಕೂಡಲೇ ದೊಡ್ಡ ಪಾತ್ರೆಯ ತಣ್ಣೀರಿಗೆ ಹಾಕಿ. ಕೈಯಿಂದ ಮೆಲ್ಲಗೆ ಆಡಿಸಿ, ಎರಡು ನಿಮಿಷ ಸುಮ್ಮನೆ ಬಿಡಿ, ಮಣ್ಣು ತಳಕ್ಕಿಳಿಯುತ್ತದೆ. ಆಮೇಲೆ ಎಲೆಗಳನ್ನು ಕೈಯಲ್ಲಿ ಮೇಲೆತ್ತಿ ಬೇರೆ ಪಾತ್ರೆಗೆ ಹಾಕಬೇಕು. ನೀರು ಸಮೇತ ಜರಡಿಗೆ ಸುರಿದರೆ ತಳದ ಮಣ್ಣೆಲ್ಲ ಮತ್ತೆ ಎಲೆ ಮೇಲೆ ಬೀಳುತ್ತದೆ. ನೀರು ಬದಲಿಸಿ ಹೀಗೆ ಮೂರು ಸಲ, ಕೊನೆಯದು ಕುಡಿಯುವ ನೀರಿನಲ್ಲಿ.

ಇಲ್ಲಿ ಸ್ವಲ್ಪ ಗಂಭೀರವಾಗಿ ಒಂದು ಮಾತು. 2006ರಲ್ಲಿ ಅಮೆರಿಕದಲ್ಲಿ ಪೊಟ್ಟಣದ ಎಳೆ ಪಾಲಕ್ ತಿಂದು ಇನ್ನೂರರ ಆಸುಪಾಸು ಜನ ಕಾಯಿಲೆ ಬಿದ್ದರು, ಮೂವರು ಸತ್ತರು. ಕಾರಣ ಇ. ಕೋಲಿ ಬ್ಯಾಕ್ಟೀರಿಯಾ. ಕ್ಯಾಲಿಫೋರ್ನಿಯಾದ ಹೊಲವೊಂದರ ಹತ್ತಿರದ ದನ, ಕಾಡುಹಂದಿಗಳಲ್ಲೂ ಅದೇ ಸಿಕ್ಕಿತು. ತೊಳೆದೇ ಪೊಟ್ಟಣ ಕಟ್ಟಿದ್ದ ಎಲೆಗಳವು. ಎಲೆಗೆ ಒಮ್ಮೆ ಅಂಟಿಕೊಂಡ ರೋಗಾಣು ತೊಳೆದರೆ ಪೂರ್ತಿ ಹೋಗುವುದಿಲ್ಲ, ಉಪ್ಪು ನೀರು, ವಿನೆಗರ್ ನೀರಿಗೂ ಪೂರ್ತಿ ಬಗ್ಗುವುದಿಲ್ಲ. ಎಲ್ಲಿ ಬೆಳೆದದ್ದು, ಯಾವ ನೀರು ಹಾಯಿಸಿದ್ದು ಅನ್ನೋದೇ ಮುಖ್ಯ. ಕೊಳಚೆ ನೀರಿನಲ್ಲಿ ಬೆಳೆದಿರಬಹುದು ಅನ್ನಿಸಿದ ಸೊಪ್ಪನ್ನು ಹಸಿಯಾಗಿ ತಿನ್ನಬೇಡಿ, ಬೇಯಿಸಿ. ಬಸುರಿಯರು, ಪುಟ್ಟ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಇನ್ನೂ ಎಚ್ಚರ ಬೇಕು. ಸ್ವಂತ ಟ್ರೇಯಲ್ಲಿ ಒಳ್ಳೆಯ ನೀರು ಹಾಕಿ ಬೆಳೆಯಿರಿ ಅಂತ ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಡಬ್ಬಿಯದ್ದನ್ನೇ ಕೊಳ್ಳುವುದಾದರೆ ಡಬ್ಬಿ ತಿರುಗಿಸಿ ತಳ ನೋಡಿ. ಒಳಗೆ ನೀರಿನ ಹನಿ ಕಟ್ಟಿದ್ದರೆ, ಎಲೆಯ ಅಂಚು ಕಪ್ಪಗಾಗಿದ್ದರೆ, ಲೋಳೆ ಕಂಡರೆ ವಾಪಸ್ ಇಡಿ. ದಿನಾಂಕ ಹೇಳುವುದಕ್ಕಿಂತ ಜಾಸ್ತಿ ಡಬ್ಬಿಯ ತಳ ಹೇಳುತ್ತದೆ.

ಒಣಗಿಸುವುದನ್ನು ಎಲ್ಲರೂ ಅರ್ಧಂಬರ್ಧ ಮಾಡುತ್ತಾರೆ. ಸಲಾಡ್ ಹಾಳಾಗುವುದು ಬಹುಪಾಲು ಇಲ್ಲಿಯೇ. ಎಲೆ ಮೇಲೆ ನೀರಿದ್ದರೆ ಎಣ್ಣೆ ಅಂಟುವುದಿಲ್ಲ, ಜಾರಿ ಬಟ್ಟಲಿನ ತಳ ಸೇರುತ್ತದೆ. ಸಲಾಡ್ ಸ್ಪಿನ್ನರ್ ಇದ್ದರೆ ಅದರಲ್ಲಿ ತಿರುಗಿಸಿ. ಇಲ್ಲದಿದ್ದರೆ ದೊಡ್ಡ ಹತ್ತಿ ಪಂಚೆಯ ಮೇಲೆ ಎಲೆ ಹರಡಿ, ನಾಲ್ಕು ತುದಿ ಹಿಡಿದು ಗಂಟಿನ ಹಾಗೆ ಮಾಡಿ, ಬಚ್ಚಲಲ್ಲೋ ಟೆರೇಸಿನಲ್ಲೋ ನಿಂತು ಜೋರಾಗಿ ಬೀಸಿ. ನೀರೆಲ್ಲ ಹೊರಗೆ ಚಿಮ್ಮುತ್ತದೆ. ಒಂದು ಎಲೆಯನ್ನು ಕೈ ಬೆನ್ನಿಗೆ ಒತ್ತಿ ನೋಡಿ, ತೇವ ಅಂಟದಿದ್ದರೆ ಆಯಿತು. ಆಮೇಲೆ ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿ ಸಡಿಲವಾಗಿ ತುಂಬಿ ಫ್ರಿಜ್‌ನಲ್ಲಿ ಅರ್ಧ ಗಂಟೆ ಇಟ್ಟರೆ ಎಲೆ ಗರಿಗರಿಯಾಗುತ್ತದೆ. ಅದೇ ದಿನ ತಿನ್ನಲು ಆಗದಿದ್ದರೆ ನಾಲ್ಕು ದಿನ ಇಡಬಹುದು, ಆದರೆ ಚರ್ವಿಲ್ ಅಷ್ಟು ತಡೆಯುವುದಿಲ್ಲ.

ಕಲಸುವುದು

ನಾಲ್ಕು ಜನಕ್ಕೆ ಸುಮಾರು 120 ಗ್ರಾಂ ಎಲೆ. ಎರಡು ಟೀ ಚಮಚ ವೈನ್ ವಿನೆಗರ್, ಅದಿಲ್ಲದಿದ್ದರೆ ನಿಂಬೆ ರಸ. ಎರಡು ದೊಡ್ಡ ಚಮಚ ಒಳ್ಳೆಯ ಆಲಿವ್ ಎಣ್ಣೆ. ಹುಳಿ ಒಂದು ಪಾಲಾದರೆ ಎಣ್ಣೆ ಮೂರು ಪಾಲು, ಇದು ಫ್ರೆಂಚರ ಲೆಕ್ಕ. ಉಪ್ಪು ಎರಡು ಚಿಟಿಕೆ. ಗಾಣದ ಶೇಂಗಾ ಎಣ್ಣೆಯಲ್ಲೂ ಮಾಡಬಹುದು, ರುಚಿ ಬೇರೆಯಾಗುತ್ತದೆ, ಕೆಟ್ಟದ್ದಲ್ಲ. ತೆಂಗಿನ ಎಣ್ಣೆ ತಂಪು ಎಲೆಗೆ ಬಿದ್ದರೆ ಗಟ್ಟಿಯಾಗುತ್ತದೆ, ಬೇಡ.

ಮೊದಲು ಉಪ್ಪನ್ನು ವಿನೆಗರ್‌ನಲ್ಲಿ ಪೂರ್ತಿ ಕರಗಿಸಿ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ. ಬೇಕಾದರೆ ಕಾಲು ಚಮಚ ಸಾಸಿವೆ ಪೇಸ್ಟ್ ಸೇರಿಸಿ. ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾ ಫೋರ್ಕಿನಲ್ಲಿ ಕಡೆಯಿರಿ, ಎರಡೂ ಬೆರೆತು ಮಂದವಾಗುತ್ತದೆ. ಸಾಸಿವೆ ಹಾಕಿದ್ದರೆ ಬೇಗ ಬೇರೆಯಾಗುವುದಿಲ್ಲ.

ಬೆಳ್ಳುಳ್ಳಿಯನ್ನು ಹೆಚ್ಚಿ ಹಾಕಬೇಡಿ. ಫ್ರಾನ್ಸಿನ ದಕ್ಷಿಣದಲ್ಲಿ ಒಂದು ಸೊಗಸಾದ ಪದ್ಧತಿ ಇದೆ. ಒಣಗಿದ ಬ್ರೆಡ್ಡಿನ ಗಟ್ಟಿ ಅಂಚಿಗೆ ಕತ್ತರಿಸಿದ ಬೆಳ್ಳುಳ್ಳಿ ಉಜ್ಜುತ್ತಾರೆ, ಬೆಳ್ಳುಳ್ಳಿ ಸವೆದು ಬ್ರೆಡ್ ಮೇಲೆ ಒದ್ದೆ ಹೊಳಪು ಬರುವವರೆಗೆ. ಅದಕ್ಕೆ ಎರಡು ಹನಿ ಎಣ್ಣೆ ಬಿಟ್ಟು ಬಟ್ಟಲಿನ ತಳದಲ್ಲಿಟ್ಟು ಮೇಲೆ ಸೊಪ್ಪು ಹಾಕಿ ಕಲಸುತ್ತಾರೆ. ಇದಕ್ಕೆ ಶಪೋಂ ಅನ್ನುತ್ತಾರೆ. ಎಲೆಗೆಲ್ಲ ಬೆಳ್ಳುಳ್ಳಿಯ ಘಮ ಹತ್ತುತ್ತದೆ, ಬಾಯಿಗೆ ಚೂರು ಸಿಗುವುದಿಲ್ಲ. ಕೊನೆಗೆ ಆ ಬ್ರೆಡ್ ತುಂಡಿಗಾಗಿ ಮನೆಯಲ್ಲಿ ಪೈಪೋಟಿ ಆಗುವುದು ಖಂಡಿತ.

ಬಟ್ಟಲು ಬೇಕಾದ್ದಕ್ಕಿಂತ ದೊಡ್ಡದಿರಲಿ. ಎಲೆ ಹಾಕಿ, ಕಡೆದಿಟ್ಟದ್ದರಲ್ಲಿ ಅರ್ಧ ಮಾತ್ರ ಸುರಿಯಿರಿ, ಎರಡೂ ಕೈ ಬೆರಳುಗಳನ್ನು ಬಿಡಿಸಿ ತಳದಿಂದ ಮೇಲಕ್ಕೆತ್ತಿ ಬಿಡುತ್ತಾ ಹತ್ತು ಸಲ ತಿರುವಿ. ಚಮಚದಿಂದ ಒತ್ತಬೇಡಿ, ಎಳೆ ಎಲೆ ಜಜ್ಜಿಹೋಗುತ್ತದೆ. ಒಂದು ಎಲೆ ತಿಂದು ನೋಡಿ, ಬೇಕಾದರೆ ಮಾತ್ರ ಉಳಿದದ್ದನ್ನು ಹಾಕಿ. ಪ್ರತಿ ಎಲೆಯೂ ತೆಳುವಾಗಿ ಹೊಳೆಯಬೇಕು, ತಳದಲ್ಲಿ ಒಂದು ಹನಿಯೂ ನಿಂತಿರಬಾರದು. ಚರ್ವಿಲ್ ಕೊನೆಯಲ್ಲಿ ಮೇಲಿಂದ.

ಇದನ್ನೆಲ್ಲ ಮಾಡಬೇಕಾದದ್ದು ಎಲ್ಲರೂ ಊಟಕ್ಕೆ ಕೂತ ಮೇಲೆ. ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕುವ ಹಾಗೆ. ಉಪ್ಪು ನೀರೆಳೆಯುತ್ತದೆ ಅನ್ನೋದು ಗೊತ್ತೇ ಇದೆ. ಆದರೆ ಇಲ್ಲಿ ಎಲೆಯನ್ನು ಬಾಡಿಸುವುದು ಉಪ್ಪು ಒಂದೇ ಅಲ್ಲ, ಎಣ್ಣೆಯೂ. ಎಲೆಯ ಮೇಲೆ ತೆಳುವಾದ ಮೇಣದ ಪದರ ಇರುತ್ತದೆ, ಅದು ನೀರನ್ನು ತಡೆಯುತ್ತದೆ, ಎಣ್ಣೆಯನ್ನು ತಡೆಯುವುದಿಲ್ಲ. ಹತ್ತು ಹದಿನೈದು ನಿಮಿಷದಲ್ಲಿ ಎಣ್ಣೆ ಒಳಗಿಳಿದು ಎಲೆ ಕಪ್ಪಗೆ ಮೆತ್ತಗಾಗುತ್ತದೆ.

ಜೊತೆಗೆ ಏನು

ಮೇಕೆ ಹಾಲಿನ ಚೀಸ್ ಸಿಕ್ಕರೆ ಬ್ರೆಡ್ ಮೇಲಿಟ್ಟು ಬಿಸಿ ಮಾಡಿ ಎಲೆಯ ಮೇಲೆ ಇಡಿ. ನೀಸ್ ಸುತ್ತಲಿನ ಸಣ್ಣ ಕಪ್ಪು ಆಲಿವ್ ಕೂಡ ಒಪ್ಪುತ್ತದೆ. ಮೀನು ತಿನ್ನುವವರಿಗೆ ಆಂಚೊವಿ ಅನ್ನುವ ಉಪ್ಪು ಹಾಕಿದ ಸಣ್ಣ ಮೀನು.

ನನಗೆ ಎಲ್ಲಕ್ಕಿಂತ ಇಷ್ಟ ಸೊಕ್ಕಾ ಅನ್ನುವ ತೆಳು ರೊಟ್ಟಿ. ಇದೂ ನೀಸ್‌ನದ್ದೇ, ಮಾಡುವುದು ಕಡಲೆಹಿಟ್ಟಿನಿಂದ! ಹಳೆಯ ಪಟ್ಟಣದ ಕೂರ್ ಸಲೇಯಾ ಸಂತೆಯಲ್ಲಿ ಸೊಪ್ಪು, ಹೂ, ಹಣ್ಣಿನ ಜೊತೆಗೇ ಇದನ್ನೂ ಮಾರುತ್ತಾರೆ. ಕಟ್ಟಿಗೆ ಒಲೆಯಲ್ಲಿ, ಅಗಲವಾದ ತಾಮ್ರದ ತಟ್ಟೆಯಲ್ಲಿ ಸುಟ್ಟು, ಹರಿದು, ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಮನೆಯಲ್ಲಾದರೆ 250 ಗ್ರಾಂ ಕಡಲೆಹಿಟ್ಟಿಗೆ ಅರ್ಧ ಲೀಟರ್ ನೀರು, ಮೂರು ದೊಡ್ಡ ಚಮಚ ಆಲಿವ್ ಎಣ್ಣೆ, ಒಂದು ಟೀ ಚಮಚ ಉಪ್ಪು. ಗಂಟಿಲ್ಲದೆ ಕಲಸಿ ಎರಡು ಗಂಟೆ ಬಿಡಿ, ಮೇಲಿನ ನೊರೆ ತೆಗೆಯಿರಿ. ಓವನ್ 240 ಡಿಗ್ರಿಗೆ ಕಾಯಿಸಿ, ತಟ್ಟೆಯನ್ನೂ ಒಳಗಿಟ್ಟು ಕಾಯಿಸಿ, ಎಣ್ಣೆ ಸವರಿ ಹಿಟ್ಟನ್ನು ಮೂರ್ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಹುಯ್ಯಿರಿ. ಅಂಚು ಅಲ್ಲಲ್ಲಿ ಕಪ್ಪಗಾಗುವವರೆಗೆ, ಹತ್ತರಿಂದ ಹದಿನೈದು ನಿಮಿಷ. ಓವನ್ ಇಲ್ಲದಿದ್ದರೆ ದಪ್ಪ ಕಬ್ಬಿಣದ ಹೆಂಚಿನಲ್ಲಿ ಮುಚ್ಚಳ ಮುಚ್ಚದೆ ಬೇಯಿಸಿ. ಒಲೆಯ ಸುಟ್ಟ ರುಚಿ ಅಷ್ಟು ಬರುವುದಿಲ್ಲ, ಆದರೂ ಬಿಸಿ ಸೊಕ್ಕಾ ಪಕ್ಕ ತಣ್ಣನೆಯ ಕಹಿ ಖಾರದ ಎಲೆ ಇದ್ದರೆ ಅದೇ ಒಂದು ರಾತ್ರಿ ಊಟ.

ಎಣ್ಣೆ ಹಾಕಿ ಕಲಸಿದ್ದು ಉಳಿದರೆ ಇಡಲು ಬರುವುದಿಲ್ಲ. ಕಲಸದ ಎಲೆ ಉಳಿದು ಬಾಡಿದ್ದರೆ ಹತ್ತು ನಿಮಿಷ ಐಸ್ ನೀರಿನಲ್ಲಿಡಿ, ಬಹುಪಾಲು ಎದ್ದು ಕೂರುತ್ತದೆ. ಇನ್ನು ಟ್ರೇಯಲ್ಲಿ ರಾಕೆಟ್ ದಂಟು ಎತ್ತಿ ಹೂ ಬಿಟ್ಟರೆ ಕಿತ್ತು ಬಿಸಾಡುವ ಅವಸರ ಬೇಡ. ನಾಲ್ಕು ದಳದ ಆ ತಿಳಿ ಬಣ್ಣದ ಹೂವನ್ನೂ ತಿನ್ನಬಹುದು, ಎಲೆಯಷ್ಟೇ ಖಾರ, ಸಲಾಡ್ ಮೇಲೆ ಉದುರಿಸಿ. ಒಂದೆರಡು ಗಿಡವನ್ನು ಹಾಗೆಯೇ ಬಿಟ್ಟರೆ ಕಾಯಿ ಒಣಗಿ ಬೀಜ ಕೊಡುತ್ತವೆ, ಕಾಗದದ ಪೊಟ್ಟಣದಲ್ಲಿ ಕಟ್ಟಿ ಒಣ ಜಾಗದಲ್ಲಿಟ್ಟರೆ ಮುಂದಿನ ಅಕ್ಟೋಬರ್‌ಗೆ ಬಿತ್ತಲು ಅದೇ ಸಾಕು.